ಮಲೆನಾಡಿನ ಕಾರ್ಖಾನೆಗಳ ಖರೀದಿ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಮಾಚೇನಹಳ್ಳಿ ಮತ್ತು ಭದ್ರಾವತಿಯ ಸುತ್ತಲಿನ ಎರಕದ ಕಾರ್ಖಾನೆಗಳಲ್ಲಿ, ಮೆಷಿನ್ ಶಾಪ್‌ಗಳಲ್ಲಿ ಖರೀದಿ ನೋಡಿಕೊಳ್ಳುವವರು, ಸ್ಟೋರ್ಸ್‌ನವರು, ಲೆಕ್ಕಪತ್ರ ವಿಭಾಗದವರು ಮತ್ತು ಮಾಲೀಕರು ಹಲವು ವರ್ಷಗಳಿಂದ ನನ್ನಲ್ಲಿ ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಒಂದೆಡೆ ಉತ್ತರ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಎರಕದ ಉದ್ಯಮದವು. ಆದರೆ ಅಡಿಕೆ ಸಂಸ್ಕರಣೆ, ಅಕ್ಕಿ ಗಿರಣಿ, ಪ್ಯಾಕಿಂಗ್ ಸಾಮಗ್ರಿ ತಯಾರಿಸುವ ಘಟಕಗಳಿಗೂ ಇವುಗಳ ತಿರುಳು ಹೊಂದುತ್ತದೆ. ದರಗಳನ್ನು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ ಬಳಸಿದ್ದೇನೆ. ತೆರಿಗೆಯ ನಿಯಮಗಳು ಆಗಾಗ ಬದಲಾಗುವುದರಿಂದ, ನಿರ್ಧಾರ ತೆಗೆದುಕೊಳ್ಳುವ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳಬೇಕು.

ಖರೀದಿ ಸುಧಾರಿಸುವುದೆಂದರೆ ಕಡಿಮೆ ದರಕ್ಕೆ ಕೊಳ್ಳುವುದಲ್ಲವೇ?

ದರ ಅದರ ಒಂದು ಭಾಗ ಮಾತ್ರ. ಚೌಕಾಸಿಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಹಣ ಸೋರುವುದು ಬೇರೆ ಕಡೆ. ಬೇಕೆಂದು ಹೇಳುವ ವಿಭಾಗ, ಕೊಳ್ಳುವ ವಿಭಾಗ, ಬಂದದ್ದನ್ನು ಇಳಿಸಿಕೊಳ್ಳುವ ಸ್ಟೋರ್ಸ್ ಮತ್ತು ಹಣ ಕೊಡುವ ಲೆಕ್ಕಪತ್ರ ವಿಭಾಗ, ಈ ನಾಲ್ವರ ನಡುವೆ ಮಾತು ಕೈಬದಲಾಗುವ ಜಾಗಗಳಲ್ಲೇ ಅದು ಸೋರುತ್ತದೆ. ಒಂದು ಕಿಲೋಗೆ ಎಂಟಾಣೆ ಉಳಿಸಿದ ಅದೇ ವಾರದಲ್ಲಿ ಕುಲುಮೆಯನ್ನು ನಾಲ್ಕು ಗಂಟೆ ಸುಮ್ಮನೆ ಕಾಯಿಸಿಟ್ಟರೆ, ಉಳಿಸಿದ್ದೆಲ್ಲ ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಆದ್ದರಿಂದ ನಾಲ್ವರೂ ಒಂದೇ ಕಾಗದವನ್ನು, ಒಂದೇ ಸಂಖ್ಯೆಯನ್ನು ನೋಡಿ ಕೆಲಸ ಮಾಡುವಂತೆ ಮಾಡುವುದನ್ನೇ ನಾನು ಸುಧಾರಣೆ ಎಂದು ಕರೆಯುತ್ತೇನೆ.

ಒಂದೇ ಸಂಖ್ಯೆ ಎಂದರೇನು? ಅದರಿಂದ ಅಷ್ಟೊಂದು ವ್ಯತ್ಯಾಸವಾಗುತ್ತದೆಯೇ?

ನಾನು ಹಿಂದೆ ಕೆಲಸ ಮಾಡುತ್ತಿದ್ದ ಎರಕದ ಕಾರ್ಖಾನೆಯಲ್ಲಿ ಒಂದು ಜೂನ್ ತಿಂಗಳು, ಒಂದೇ ವಾರದಲ್ಲಿ ಬೆಂಟೊನೈಟ್ (ಎರಕದ ಅಚ್ಚಿನ ಮರಳನ್ನು ಹಿಡಿದಿಡುವ ಜೇಡಿ) ತುಂಬಿದ ಎರಡು ಲಾರಿಗಳು ಗೇಟಿನ ಮುಂದೆ ಬಂದು ನಿಂತವು. ಒಂದನ್ನು ಮೋಲ್ಡಿಂಗ್ ವಿಭಾಗದ ಮೇಲ್ವಿಚಾರಕರು ಫೋನಿನಲ್ಲಿ ಹೇಳಿ ತರಿಸಿದ್ದರು. ಇನ್ನೊಂದಕ್ಕೆ ಸ್ಟೋರ್ಸ್‌ನವರ ಪಟ್ಟಿ ನೋಡಿ ನಾನೇ ಆರ್ಡರ್ ಕೊಟ್ಟಿದ್ದೆ. ಇಬ್ಬರ ಉದ್ದೇಶವೂ ಒಳ್ಳೆಯದೇ ಆಗಿತ್ತು. ಎರಡನೆಯ ಲೋಡಿಗೆ ಒಳಗೆ ಜಾಗವಿಲ್ಲದೆ ಶೀಟಿನ ಚಾವಣಿಯ ಕೆಳಗೆ ಇಳಿಸಿದೆವು, ಮಳೆಯ ಎರಚಲಿಗೆ ಹೊರಗಿನ ಸಾಲಿನ ಚೀಲಗಳೆಲ್ಲ ಗಟ್ಟಿಯಾಗಿ ಹಾಳಾದವು. ಅದೇ ವಾರ ಫೆರೋ ಸಿಲಿಕಾನ್ (ಕರಗಿದ ಕಬ್ಬಿಣಕ್ಕೆ ಬೆರೆಸುವ ಮಿಶ್ರಲೋಹ) ಮುಗಿದುಹೋಯಿತು, ಏಕೆಂದರೆ ಅದನ್ನು ಇನ್ನೊಬ್ಬರು ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹೆಚ್ಚು ಬಂದದ್ದಕ್ಕೂ ಬಾರದೇ ಹೋದದ್ದಕ್ಕೂ ಕಾರಣ ಒಂದೇ ಆಗಿತ್ತು.

ಆ ಮೇಲೆ ನಾವು ಮಾಡಿಕೊಂಡ ಏರ್ಪಾಡು ಇಷ್ಟೇ: ಇಂಡೆಂಟ್‌ಗೆ, ಅಂದರೆ ಸಾಮಗ್ರಿ ಬೇಕೆಂದು ವಿಭಾಗದವರು ಬರೆದುಕೊಡುವ ಚೀಟಿಗೆ, ಒಂದು ಸಂಖ್ಯೆ ಬೀಳುತ್ತದೆ, ಅದೇ ಸಂಖ್ಯೆ ಕೊಟೇಶನ್ ಕೇಳುವ ಪತ್ರದಲ್ಲಿ, ಖರೀದಿ ಆದೇಶದಲ್ಲಿ, ಗೇಟ್ ಎಂಟ್ರಿಯಲ್ಲಿ, ಸರಕು ಸ್ವೀಕೃತಿ ಚೀಟಿಯಲ್ಲಿ, ಕೊನೆಗೆ ಪಾವತಿಯ ವೋಚರಿನಲ್ಲಿ ಇರಲೇಬೇಕು. ಸಂಖ್ಯೆ ಇಲ್ಲದ ಲಾರಿಯನ್ನು ಗೇಟಿನವರು ತಡೆದು ಖರೀದಿ ವಿಭಾಗಕ್ಕೆ ಫೋನ್ ಮಾಡಬೇಕು. ಮೊದಲ ತಿಂಗಳು ಗೇಟಿನ ಮುಂದೆ ಬಹಳ ಜಗಳಗಳಾದವು. ಆದರೆ ಹಾಗೆ ನಿಂತ ಪ್ರತಿಯೊಂದು ಲಾರಿಯೂ ವ್ಯವಸ್ಥೆಯ ಒಂದು ತೂತನ್ನು ನಮಗೆ ತೋರಿಸಿಕೊಟ್ಟಿತು.

ಇಂಡೆಂಟ್‌ನಲ್ಲಿ ಏನೇನು ಬರೆದಿರಬೇಕು?

ಅಡಿಕೆ ಮಂಡಿಗೆ ಹೋಗಿ "ಅಡಿಕೆಗೆ ಎಷ್ಟು?" ಎಂದು ಯಾರೂ ಕೇಳುವುದಿಲ್ಲ. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ಅದರ ಬಗೆ ಹೇಳದೆ ದರದ ಮಾತೇ ಹುಟ್ಟುವುದಿಲ್ಲ. ಸಾಗರದ ಕಡೆ ಹೋದರೆ ಚಾಲಿ, ಕೋಕ, ಸಿಪ್ಪೆಗೋಟು ಎಂದು ಇನ್ನಷ್ಟು ಹೆಸರುಗಳಿವೆ. ಇಷ್ಟು ನಿಖರವಾಗಿ ಮಾತನಾಡುವ ನಾವು ಕಾರ್ಖಾನೆಗೆ ಬಂದ ಕೂಡಲೇ "ಗ್ರೈಂಡಿಂಗ್ ವೀಲ್ 20" ಎಂದು ಚೀಟಿ ಬರೆದುಬಿಡುತ್ತೇವೆ. ಅದರ ವ್ಯಾಸ, ದಪ್ಪ, ನಡುವಿನ ರಂಧ್ರದ ಅಳತೆ, ಗ್ರಿಟ್ (ಕಣಗಳ ಒರಟುತನ) ಮತ್ತು ಗಟ್ಟಿತನದ ಗ್ರೇಡ್ ಬರೆಯದಿದ್ದರೆ ಮೂವರು ಮಾರಾಟಗಾರರು ಮೂರು ಬೇರೆ ವಸ್ತುಗಳಿಗೆ ದರ ಹೇಳುತ್ತಾರೆ, ನಾವು ಅವುಗಳಲ್ಲಿ ಕಡಿಮೆಯದನ್ನು ಆರಿಸಿಕೊಂಡು ಗೆದ್ದೆವೆಂದು ಭಾವಿಸುತ್ತೇವೆ.

ವಸ್ತುವಿನ ವಿವರಣೆಯ ಜೊತೆಗೆ ಪ್ರಮಾಣ, ಬೇಕಾದ ದಿನಾಂಕ, ಸದ್ಯದ ದಾಸ್ತಾನು ಮತ್ತು ದಿನದ ಸರಾಸರಿ ಬಳಕೆ ಇಂಡೆಂಟ್‌ನಲ್ಲಿ ಇರಬೇಕು. ಕೊನೆಯ ಎರಡು ಅಂಕಿಗಳನ್ನು ಕೇಳುವವರೇ ಬರೆಯಬೇಕೆಂಬುದು ನನ್ನ ಹಟ, ಏಕೆಂದರೆ ಅವುಗಳನ್ನು ಬರೆಯುವುದಕ್ಕಾಗಿ ಅವರು ಸ್ಟೋರ್ಸ್‌ನವರ ಹತ್ತಿರ ಹೋಗಿ ಮಾತನಾಡಲೇಬೇಕಾಗುತ್ತದೆ. "ತುರ್ತು" ಎಂಬ ಪದವನ್ನು ಮಾತ್ರ ಇಂಡೆಂಟ್‌ನಿಂದ ತೆಗೆದುಹಾಕಿ, ಅದರ ಬದಲು ದಿನಾಂಕ ಕೇಳಿ.

ಪ್ರತಿ ಖರೀದಿಗೂ ಮೂರು ಕೊಟೇಶನ್ ತರಿಸಬೇಕೇ?

ಬೇಡ. ಮೂರು ಕೊಟೇಶನ್ ತರಿಸುವುದಕ್ಕೂ ಖರ್ಚಿದೆ, ಜನರ ಹೊತ್ತು ಹೋಗುತ್ತದೆ. ವರ್ಷದ ಖರೀದಿ ಪಟ್ಟಿಯನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಜೋಡಿಸಿ ನೋಡಿದರೆ, ಪಿಗ್ ಐರನ್ (ಕರಗಿಸಲು ಕೊಳ್ಳುವ ಕಚ್ಚಾ ಕಬ್ಬಿಣ), ಸ್ಕ್ರ್ಯಾಪ್, ಮರಳು, ಬೆಂಟೊನೈಟ್, ಫೆರೋ ಮಿಶ್ರಲೋಹಗಳು, ಮರಳನ್ನು ಅಂಟಿಸುವ ರೆಸಿನ್ ಹೀಗೆ ಬೆರಳೆಣಿಕೆಯ ಸಾಮಗ್ರಿಗಳು ಹಣದ ಬಹುಭಾಗವನ್ನು ತಿನ್ನುತ್ತಿರುವುದು ಕಾಣುತ್ತದೆ. ಚೌಕಾಸಿ, ಹೋಲಿಕೆ, ಮಾರಾಟಗಾರರ ಭೇಟಿ ಎಲ್ಲವೂ ಇವುಗಳಿಗೆ ಮೀಸಲಾಗಿರಲಿ. ನೂರಾರು ಸಣ್ಣ ಸಾಮಾನುಗಳಿಗೆ ಆರು ತಿಂಗಳ ದರ ಒಪ್ಪಂದ ಮಾಡಿಕೊಂಡು, ಬೇಕಾದಾಗ ಆ ದರದಲ್ಲೇ ತರಿಸಿಕೊಂಡರೆ ಸಾಕು.

ಕಡಿಮೆ ದರ ಹೇಳಿದವರಿಗೆ ಆರ್ಡರ್ ಕೊಡದಿದ್ದರೆ ಮಾಲೀಕರಿಗೆ ಏನೆಂದು ವಿವರಿಸುವುದು?

ಕಾರ್ಖಾನೆಯ ಬಾಗಿಲಿಗೆ ತಲುಪಿದಾಗ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ. ಉದಾಹರಣೆಗೆ, ಶಿವಮೊಗ್ಗದ ಮಾರಾಟಗಾರರು ಒಂದು ಸಾಮಗ್ರಿಯನ್ನು ನಮ್ಮ ಗೇಟಿಗೆ ತಲುಪಿಸಿ ಕಿಲೋಗೆ 62 ರೂಪಾಯಿ ಹೇಳಿ, 30 ದಿನಗಳ ಸಾಲ ಕೊಡುತ್ತಾರೆಂದುಕೊಳ್ಳೋಣ. ಹೊರ ರಾಜ್ಯದ ಮಾರಾಟಗಾರರು ತಮ್ಮ ಗೋದಾಮಿನಲ್ಲಿ 58 ರೂಪಾಯಿ ಹೇಳಿ, ಪೂರ್ತಿ ಹಣ ಮುಂಗಡ ಕೇಳುತ್ತಾರೆ. ಸಾಗಣೆಗೆ ಕಿಲೋಗೆ 3 ರೂಪಾಯಿ ಬೀಳುತ್ತದೆ. ಸರಕು ಬರುವುದು 30 ದಿನಗಳ ನಂತರ. ಮುಂಗಡ ಕೊಟ್ಟ ದಿನಕ್ಕೂ ಸ್ಥಳೀಯರಿಗೆ ಹಣ ಕೊಡಬೇಕಾದ ದಿನಕ್ಕೂ 60 ದಿನಗಳ ಅಂತರವಿದೆ. ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ವರ್ಷಕ್ಕೆ ಶೇ 12 ಬಡ್ಡಿ ಎಂದು ಹಿಡಿದರೆ 58 ರೂಪಾಯಿಗೆ 60 ದಿನಗಳ ಬಡ್ಡಿ 1 ರೂಪಾಯಿ 14 ಪೈಸೆ. ಒಟ್ಟು 62 ರೂಪಾಯಿ 14 ಪೈಸೆ ಆಯಿತು. ನಾಲ್ಕು ರೂಪಾಯಿ ಅಗ್ಗವಾಗಿ ಕಂಡದ್ದು ಲೆಕ್ಕ ಮುಗಿಯುವಷ್ಟರಲ್ಲಿ ದುಬಾರಿಯಾಗಿದೆ. ಕೆಟ್ಟ ಚೀಲಗಳನ್ನು ವಾಪಸು ಕಳಿಸುವ ತೊಂದರೆಯನ್ನು ಇನ್ನೂ ಸೇರಿಸಿಲ್ಲ.

ಎಲ್ಲ ಸಲವೂ ಸ್ಥಳೀಯರೇ ಗೆಲ್ಲುತ್ತಾರೆಂದಲ್ಲ. ಲೆಕ್ಕ ಮಾಡದೆ ಯಾರ ಪರವಾಗಿಯೂ ತೀರ್ಮಾನಿಸಬಾರದು.

ಸರ್ಕಾರಿ ಟೆಂಡರ್ ನಿಯಮಗಳು ನಮಗೂ ಅನ್ವಯಿಸುತ್ತವೆಯೇ?

ಖಾಸಗಿ ಕಂಪನಿ ತನ್ನ ಹಣದಲ್ಲಿ ಮಾಡುವ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುವುದಿಲ್ಲ. ಅದು ಸರ್ಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು, ಸಾರ್ವಜನಿಕ ಉದ್ಯಮಗಳಂಥವುಗಳಿಗೆ ಸಂಬಂಧಿಸಿದ್ದು. ಆದರೆ ಎಲ್ಲರಿಗೂ ಒಂದೇ ವಿವರ ಕೊಟ್ಟು, ಎಲ್ಲರ ದರವನ್ನೂ ಒಂದೇ ಹೊತ್ತಿನಲ್ಲಿ ಇಬ್ಬರ ಸಮಕ್ಷಮದಲ್ಲಿ ತೆರೆಯುವ ಅದರ ಪದ್ಧತಿಯನ್ನು ದೊಡ್ಡ ಮೊತ್ತದ ಖರೀದಿಗಳಿಗಾದರೂ ನಾವು ತಂದುಕೊಳ್ಳಬೇಕು.

ಮಂಜೂರಾತಿಗಾಗಿ ಕಡತಗಳು ದಿನಗಟ್ಟಲೆ ಕಾಯುತ್ತವೆ. ಏನು ಮಾಡಬಹುದು?

ಮಂಜೂರಾತಿಯ ಮಿತಿಗಳನ್ನು ಬರೆದು ಗೋಡೆಗೆ ಅಂಟಿಸಿ. ನೂರು ಜನ ದುಡಿಯುವ ಕಾರ್ಖಾನೆಯಲ್ಲಿ 10,000 ರೂಪಾಯಿವರೆಗೆ ವಿಭಾಗದ ಮುಖ್ಯಸ್ಥರು, 1 ಲಕ್ಷದವರೆಗೆ ಖರೀದಿ ವ್ಯವಸ್ಥಾಪಕರು, ಅದರ ಮೇಲೆ ಮಾಲೀಕರು ಎಂಬುದು ನನಗೆ ಸರಿಯೆನಿಸುತ್ತದೆ; ನಿಮ್ಮ ವಹಿವಾಟಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮಿತಿಯಷ್ಟೇ ಮುಖ್ಯವಾದದ್ದು ಬದಲಿ ವ್ಯಕ್ತಿಯ ಹೆಸರು. ಸಹಿ ಮಾಡಬೇಕಾದವರು ತೋಟದ ಕೊಯ್ಲಿಗೆಂದೋ ಮದುವೆಗೆಂದೋ ತೀರ್ಥಹಳ್ಳಿಯ ಆಚೆ ಹೋಗಿ ಫೋನಿಗೂ ಸಿಗದಿದ್ದಾಗ ಯಾರು ಸಹಿ ಮಾಡಬೇಕು ಎಂಬುದು ಮೊದಲೇ ಗೊತ್ತಿರಬೇಕು. ಮಿತಿಯೊಳಗೆ ತರುವುದಕ್ಕಾಗಿ ಒಂದೇ ಖರೀದಿಯನ್ನು ಮೂರು ಆದೇಶಗಳಾಗಿ ಒಡೆಯುವುದನ್ನು ಕಂಡರೆ ಸುಮ್ಮನಿರಬೇಡಿ. ಅದು ಅಭ್ಯಾಸವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಮಳೆಗಾಲಕ್ಕೆ ಖರೀದಿಯ ಯೋಜನೆ ಬೇರೆಯೇ ಇರಬೇಕೇ?

ಖಂಡಿತ ಇರಬೇಕು. ಬೇರೆ ಊರಿನವರು ಬರೆದ ಖರೀದಿ ಕೈಪಿಡಿಗಳು ನಮಗೆ ಪೂರ್ತಿ ಹೊಂದದಿರುವುದೂ ಇದೇ ಕಾರಣಕ್ಕೆ. ಮಲೆನಾಡಿನ ಮನೆಗಳಲ್ಲಿ ಮೃಗಶಿರಾ ಮಳೆ ಹಿಡಿಯುವ ಮೊದಲೇ ಸೌದೆ ಕೊಟ್ಟಿಗೆ ತುಂಬಿರುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರಿರುತ್ತವೆ. ಕಾರ್ಖಾನೆಯ ಸ್ಟೋರ್ಸ್‌ಗೂ ಅದೇ ಕ್ಯಾಲೆಂಡರ್ ಬೇಕು.

ಶಿವಮೊಗ್ಗ ನಗರದಲ್ಲಿ ಮಳೆ ಮಿತವಾಗಿಯೇ ಬೀಳುತ್ತದೆ. ಆದರೆ ನಗರದಿಂದ ಪಶ್ಚಿಮಕ್ಕೆ ಹೋದಂತೆ ಅದು ಏರುತ್ತ, ಆಗುಂಬೆಯಲ್ಲಿ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಕರಾವಳಿಯಿಂದ, ಮಂಗಳೂರು ಬಂದರಿನಿಂದ ಬರುವ ಸರಕು ಯಾವುದಾದರೊಂದು ಘಾಟಿಯನ್ನು ಹತ್ತಿಯೇ ಬರಬೇಕು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುತ್ತದೆ, ಉಳಿದ ಘಾಟಿಗಳಲ್ಲೂ ಗುಡ್ಡ ಕುಸಿದಾಗ ಸಂಚಾರ ನಿಲ್ಲುತ್ತದೆ ಅಥವಾ ಸುತ್ತು ದಾರಿ ಹಿಡಿಯಬೇಕಾಗುತ್ತದೆ. ಕಚ್ಛ್‌ನ ಬೆಂಟೊನೈಟ್ ಹಾಗೂ ಕೊಪ್ಪಳ, ಬಳ್ಳಾರಿ ಕಡೆಯ ಪಿಗ್ ಐರನ್ ಬಯಲುಸೀಮೆಯ ದಾರಿಯಲ್ಲಿ ಬರುತ್ತವಾದರೂ, ಮಳೆಗಾಲದಲ್ಲಿ ಲಾರಿ ಸಿಗುವುದೂ ಸಿಕ್ಕ ಲಾರಿ ಹೇಳಿದ ದಿನಕ್ಕೆ ಬರುವುದೂ ಬೇಸಿಗೆಯಷ್ಟು ಖಚಿತವಲ್ಲ.

ಈ ಅನಿಶ್ಚಿತತೆಯನ್ನು ಅಂಕಿಗೆ ಇಳಿಸುವುದು ಸುಲಭ. ದಿನಕ್ಕೆ 400 ಕಿಲೋ ಬೆಂಟೊನೈಟ್ ಬಳಕೆಯಿದ್ದು, ಆರ್ಡರ್ ಕೊಟ್ಟ 12 ದಿನಗಳಿಗೆ ಸರಕು ಬರುವುದಾದರೆ, ಬೇಸಿಗೆಯಲ್ಲಿ ಎರಡು ದಿನಗಳ ಹೆಚ್ಚುವರಿ ಸೇರಿಸಿ 5,600 ಕಿಲೋಗೆ ಇಳಿದ ಕೂಡಲೇ ಮರು ಆರ್ಡರ್ ಕೊಡಬೇಕು. ಮಳೆಗಾಲದಲ್ಲಿ ಬರುವುದು ಆರು ದಿನ ತಡವಾಗಬಹುದೆಂದು ಹಿಂದಿನ ವರ್ಷಗಳ ಗೇಟ್ ಎಂಟ್ರಿ ಪುಸ್ತಕ ಹೇಳಿದರೆ, ಎರಡರ ಬದಲು ಆರು ದಿನಗಳ ಹೆಚ್ಚುವರಿ ಹಿಡಿದು ಆ ಮಟ್ಟ 7,200 ಕಿಲೋಗೆ ಏರುತ್ತದೆ. ಮೇ ಮೊದಲ ವಾರದಲ್ಲಿ ಎಲ್ಲ ಮುಖ್ಯ ಸಾಮಗ್ರಿಗಳ ಮಟ್ಟವನ್ನು ಹೀಗೆ ಬದಲಿಸಿ, ಅಕ್ಟೋಬರ್ ಕೊನೆಗೆ ಮತ್ತೆ ಇಳಿಸಿ. ಇಳಿಸುವುದನ್ನು ಮರೆತರೆ ಹಣ ಚೀಲಗಳಲ್ಲೇ ಕುಳಿತುಬಿಡುತ್ತದೆ.

ಇದರ ಜೊತೆಗೆ ಇ-ವೇ ಬಿಲ್, ಅಂದರೆ ಸಾಗಣೆಯಲ್ಲಿ ಸರಕಿನ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆಯ ಕಡೆಗೂ ಗಮನವಿರಲಿ. 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕಿಗೆ ಅದು ಬೇಕು, ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ ಇರುತ್ತದೆ. ಲಾರಿ ಘಾಟಿಯಲ್ಲಿ ಸಿಕ್ಕಿಬಿದ್ದರೆ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಗಳೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು. ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಂತ ಚಾಲಕರಿಂದ ಇದು ಆಗದ ಕೆಲಸ. ಸಾಗಣೆ ಕಚೇರಿಯಲ್ಲಿ ಯಾರು ಮಾಡುತ್ತಾರೆಂದು ಆರ್ಡರ್ ಕೊಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಒದ್ದೆಯಾಗಿ ಬಂದ ಸರಕನ್ನು ಇಳಿಸಿಕೊಳ್ಳಬಹುದೇ?

ಮರಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತೇವೆ, ಆದ್ದರಿಂದ ನೀರಿಗೂ ಹಣ ಕೊಡುತ್ತೇವೆ. 25 ಟನ್ ಮರಳಿನಲ್ಲಿ ಶೇ 5ರಷ್ಟು ತೇವಾಂಶವಿದ್ದರೆ 1.25 ಟನ್ ನೀರೇ ಬಂದಂತಾಯಿತು. ಒಪ್ಪಂದದಲ್ಲಿ ಶೇ 1 ಎಂದಿದ್ದರೆ ಸುಮಾರು 1 ಟನ್ ತೂಕವನ್ನು ಬಿಲ್ಲಿನಿಂದ ಕಳೆಯಬೇಕು. ಹೀಗೆ ಕಳೆಯುವ ಹಕ್ಕು ಖರೀದಿ ಆದೇಶದಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಪ್ರತಿ ಲಾರಿಗೂ ವಾದ ತಪ್ಪದು. ರೆಸಿನ್ ಸೇರಿಸಿ ಕೋರ್ (ಎರಕದೊಳಗೆ ಟೊಳ್ಳು ಬರುವಂತೆ ಇಡುವ ಮರಳಿನ ಅಚ್ಚು) ಮಾಡುವವರಿಗೆ ತೇವವಾದ ಮರಳಿನಿಂದ ಕೋರಿನ ಬಲವೇ ಕುಗ್ಗುವುದರಿಂದ, ಅವರು ತೂಕ ಕಳೆದುಕೊಂಡು ಸಮಾಧಾನಪಡುವಂತಿಲ್ಲ. ಒಣಗಿಸಲೇಬೇಕು ಅಥವಾ ವಾಪಸು ಕಳಿಸಬೇಕು.

ಸ್ಕ್ರ್ಯಾಪ್ ವಿಷಯ ಹಣಕ್ಕಿಂತ ದೊಡ್ಡದು. ಒದ್ದೆಯಾದ, ಅಥವಾ ಒಳಗೆ ನೀರು ನಿಂತ ಕೊಳವೆ, ಮುಚ್ಚಿದ ಡಬ್ಬದಂಥ ಸ್ಕ್ರ್ಯಾಪ್ ಇಂಡಕ್ಷನ್ ಕುಲುಮೆಯ ಕರಗಿದ ಲೋಹಕ್ಕೆ ಬಿದ್ದರೆ, ನೀರು ಕ್ಷಣದಲ್ಲಿ ಆವಿಯಾಗಿ ಹಿಗ್ಗಿ, ಕುದಿಯುವ ಲೋಹವನ್ನು ಮೇಲೆ ನಿಂತವರ ಮೇಲೆ ಎಸೆಯುತ್ತದೆ. ಆದ್ದರಿಂದ ಮುಚ್ಚಿದ ಪಾತ್ರೆಗಳನ್ನು ಕತ್ತರಿಸಿಯೇ ಕಳಿಸಬೇಕು, ಟಾರ್ಪಾಲಿನ್ ಇಲ್ಲದ ಲಾರಿಯನ್ನು ಇಳಿಸಿಕೊಳ್ಳುವುದಿಲ್ಲ ಎಂಬ ಷರತ್ತುಗಳನ್ನು ಖರೀದಿ ಆದೇಶದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು. ಚಾವಣಿಯ ಕೆಳಗೆ ಕನಿಷ್ಠ ಕೆಲವು ದಿನಗಳಿಗೆ ಸಾಲುವಷ್ಟು ಒಣ ಸ್ಕ್ರ್ಯಾಪ್ ಇರುವಂತೆ ನೋಡಿಕೊಳ್ಳುವುದು ಖರೀದಿ ವಿಭಾಗದ ಹೊಣೆಯೇ ಹೊರತು ಕುಲುಮೆಯವರದ್ದಲ್ಲ. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಬಿಲ್ ಪಾಸ್ ಮಾಡುವಾಗ ಏನೇನು ತಾಳೆ ನೋಡಬೇಕು?

ಖರೀದಿ ಆದೇಶದಲ್ಲಿ ಒಪ್ಪಿದ ದರ ಮತ್ತು ಪ್ರಮಾಣ, ಸ್ಟೋರ್ಸ್‌ನವರು ನಿಜವಾಗಿ ಸ್ವೀಕರಿಸಿದ ಪ್ರಮಾಣ, ಮಾರಾಟಗಾರರ ಬಿಲ್ಲಿನಲ್ಲಿರುವ ದರ ಮತ್ತು ಪ್ರಮಾಣ, ಈ ಮೂರೂ ಕೂಡಿದರೆ ಬಿಲ್ಲನ್ನು ಯಾರನ್ನೂ ಕೇಳದೆ ಪಾಸ್ ಮಾಡಬಹುದು. ಕೂಡದಿದ್ದರೆ ಮಾತ್ರ ಖರೀದಿ ವಿಭಾಗಕ್ಕೆ ಬರಲಿ. ಸ್ವೀಕೃತಿ ಚೀಟಿಯನ್ನು ಸಾಮಗ್ರಿ ಎಣಿಸಿ, ತೂಗಿ ಬರೆಯಬೇಕು, ಚಲನ್ ನೋಡಿ ನಕಲು ಮಾಡಬಾರದು. ಬಹಳ ಕಡೆ ಇದೇ ತಪ್ಪು ನಡೆಯುತ್ತದೆ, ಕಾಗದಗಳು ಮಾತ್ರ ಒಂದಕ್ಕೊಂದು ಸೊಗಸಾಗಿ ಹೊಂದುತ್ತಿರುತ್ತವೆ. ತೂಕದ ಸೇತುವೆಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು; ಹೊರಗಿನ ವೇಬ್ರಿಡ್ಜ್ ಬಳಸುವವರು ಅದರ ಪ್ರಮಾಣಪತ್ರದ ದಿನಾಂಕವನ್ನು ಒಮ್ಮೆ ನೋಡಿರುವುದು ಒಳ್ಳೆಯದು.

ಮಾರಾಟಗಾರರಿಗೆ ಎಷ್ಟು ದಿನಗಳಲ್ಲಿ ಹಣ ಕೊಡಬೇಕು?

ಮಾರಾಟಗಾರರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮದವರಾಗಿದ್ದರೆ, 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದದಲ್ಲಿ ಹೇಳಿದ ದಿನದೊಳಗೆ ಕೊಡಬೇಕು, ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕಾಗುತ್ತದೆ. 2023ರ ಹಣಕಾಸು ಕಾಯ್ದೆ ಇದಕ್ಕೆ ಆದಾಯ ತೆರಿಗೆಯ ಕೊಂಡಿಯನ್ನೂ ಹಾಕಿತು: ಈ ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಮಾರ್ಚ್ 31ಕ್ಕೆ ಉಳಿದ ಹಳೆಯ ಬಾಕಿಗಳು ಲಾಭದಂತೆ ತೆರಿಗೆಗೆ ಒಳಗಾಗುವುದು ಈ ಕಾರಣದಿಂದ.

2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ 25 ಕೋಟಿ ರೂಪಾಯಿ ಹೂಡಿಕೆ ಮತ್ತು 100 ಕೋಟಿ ರೂಪಾಯಿ ವಹಿವಾಟಿಗೆ ಏರಿದೆ. ನಿಮ್ಮ ಮಾರಾಟಗಾರರಲ್ಲಿ ಹಲವರು ಈಗ ಇದರೊಳಗೆ ಬರಬಹುದು. ಪ್ರತಿಯೊಬ್ಬರ ಉದ್ಯಮ್ ಪ್ರಮಾಣಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ತರಿಸಿ ಕಡತದಲ್ಲಿಡಿ.

ಜಿಎಸ್‌ಟಿಯ ಕಡೆಯಿಂದ ಎರಡು ಅಂಶಗಳಿವೆ. ಬಿಲ್ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿಸಹಿತ ಹಿಂದಿರುಗಿಸಬೇಕು. ಮಾರಾಟಗಾರರು ತಮ್ಮ ರಿಟರ್ನ್‌ನಲ್ಲಿ ಬಿಲ್ ತೋರಿಸದೆ ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಮಾರಾಟಗಾರರು ತೋರಿಸಿದ ಬಿಲ್ಲುಗಳ ತಿಂಗಳ ಪಟ್ಟಿಯಲ್ಲಿ) ಕಾಣದಿದ್ದರೆ ಜಮೆ ಸಿಗುವುದೇ ಇಲ್ಲ. ಪ್ರತಿ ತಿಂಗಳು 14ರಂದು 2ಬಿ ಸಿದ್ಧವಾಗುತ್ತದೆ. 15ರಂದು ಲೆಕ್ಕಪತ್ರದವರು ಕಾಣದ ಬಿಲ್ಲುಗಳ ಪಟ್ಟಿಯನ್ನು ಖರೀದಿ ವಿಭಾಗಕ್ಕೆ ಕೊಡಲಿ, ಏಕೆಂದರೆ ಮಾರಾಟಗಾರರಿಗೆ ಫೋನ್ ಮಾಡುವ ಸಲಿಗೆ ಇರುವುದು ಖರೀದಿಯವರಿಗೆ.

ಇಷ್ಟೆಲ್ಲ ನಿಯಮ ಹೇಳಿದೆ. ಆದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ನಾಲ್ಕು ಜನರಿಗೆ ಶನಿವಾರದ ಬಟವಾಡೆ ಕೊಡಬೇಕಾದವರ ಹಣವನ್ನು ನಾವು ಮೂರು ತಿಂಗಳು ಹಿಡಿದಿಟ್ಟರೆ, ಮುಂದಿನ ಸಲ ನಮಗೆ ನಿಜವಾಗಿ ಕಷ್ಟ ಬಂದಾಗ ಅವರು ನಮ್ಮ ಕೆಲಸವನ್ನು ಮೊದಲು ಎತ್ತಿಕೊಳ್ಳಬೇಕೆಂದು ಕೇಳುವ ಮುಖ ನಮಗಿರುವುದಿಲ್ಲ.

ದೊಡ್ಡ ಖರೀದಿಗಳಿಗೆ ಟಿಡಿಎಸ್ (ಹಣ ಕೊಡುವವರೇ ಕಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿಯಬೇಕೇ?

ಹಿಂದಿನ ಹಣಕಾಸು ವರ್ಷದಲ್ಲಿ ನಿಮ್ಮ ವಹಿವಾಟು 10 ಕೋಟಿ ರೂಪಾಯಿ ಮೀರಿದ್ದರೆ, ಒಬ್ಬ ಮಾರಾಟಗಾರರಿಂದ ವರ್ಷದಲ್ಲಿ 50 ಲಕ್ಷ ರೂಪಾಯಿ ಮೀರಿ ಕೊಂಡ ಸರಕಿನ ಮೊತ್ತದ ಮೇಲೆ ಶೇ 0.1ರಷ್ಟು ಕಡಿಯಬೇಕು. 2021ರ ಜುಲೈ 1ರಿಂದ ಈ ನಿಯಮ ಬಂದಿದೆ. ಮಾರಾಟಗಾರರವಾರು ಮೊತ್ತವನ್ನು ತಿಂಗಳಿಗೊಮ್ಮೆ ಕೂಡಿ ನೋಡುತ್ತಿದ್ದರೆ ಗಡಿ ದಾಟಿದ್ದು ತಪ್ಪಿಹೋಗುವುದಿಲ್ಲ.

ಎರಕ ಮಾಡಿ ಮೆಷಿನಿಂಗ್‌ಗೆ ಹೊರಗೆ ಕಳಿಸುತ್ತೇವೆ. ಅದೂ ಖರೀದಿಯ ವ್ಯಾಪ್ತಿಗೆ ಬರುತ್ತದೆಯೇ?

ಬರಬೇಕು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ತಯಾರಿ ಆರಂಭವಾದ ಕಾಲದಿಂದ ಲೋಹದ ಕೆಲಸಕ್ಕೆ ಒಗ್ಗಿಕೊಂಡ ಕೈಗಳು ಈ ಜಿಲ್ಲೆಯಲ್ಲಿವೆ, ಜಾಬ್ ವರ್ಕ್ (ನಮ್ಮ ಸಾಮಗ್ರಿಯ ಮೇಲೆ ಕೂಲಿಗೆ ಮಾಡುವ ಕೆಲಸ) ಮಾಡಿಕೊಡುವವರು ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತಾರೆ. ಆ ಸಲಿಗೆಯಿಂದಲೇ ಚಲನ್ ಬರೆಯದೆ ಸರಕು ಹೋಗಿಬಿಡುತ್ತದೆ. ಜಾಬ್ ವರ್ಕ್‌ಗೆ ಕಳಿಸಿದ ಸಾಮಗ್ರಿ ಒಂದು ವರ್ಷದೊಳಗೆ, ಯಂತ್ರದಂಥ ಬಂಡವಾಳ ಸರಕು ಮೂರು ವರ್ಷದೊಳಗೆ ಹಿಂದೆ ಬರದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಎಂದು ಜಿಎಸ್‌ಟಿ ಕಾನೂನು ಪರಿಗಣಿಸುತ್ತದೆ. ಅಚ್ಚು, ಡೈ, ಜಿಗ್, ಫಿಕ್ಸ್ಚರ್‌ಗಳಿಗೆ ಈ ಗಡುವು ಇಲ್ಲ; ಆದರೆ ಯಾವ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಯಾರ ಶೆಡ್ಡಿನಲ್ಲಿದೆ ಎಂಬ ಪುಸ್ತಕ ನಿಮ್ಮ ಬಳಿ ಇರಲೇಬೇಕು. ಕಳಿಸಿದ್ದು, ಬಂದದ್ದು, ರಿಜೆಕ್ಟ್ ಆದದ್ದು ಮತ್ತು ಮೆಷಿನಿಂಗ್‌ನಲ್ಲಿ ಉದುರಿದ ಟರ್ನಿಂಗ್ಸ್ ಚೂರು ಯಾರಿಗೆ ಸೇರಿದ್ದೆಂಬುದು, ನಾಲ್ಕೂ ಒಂದೇ ಹಾಳೆಯಲ್ಲಿ ಕಾಣಲಿ.

ಒಂದು ಸಲಕ್ಕೆ ಎಷ್ಟು ತರಿಸಿದರೆ ಲಾಭ?

ಇದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: ವರ್ಷದ ಬಳಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಎರಡು ಪಟ್ಟು ಮಾಡಿ, ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ವರ್ಷಕ್ಕೆ 2,400 ಗ್ರೈಂಡಿಂಗ್ ವೀಲ್, ಪ್ರತಿ ಆರ್ಡರಿಗೆ 600 ರೂಪಾಯಿ, ಇಟ್ಟುಕೊಳ್ಳಲು ವೀಲಿಗೆ 20 ರೂಪಾಯಿ ಎಂದಾದರೆ ಉತ್ತರ ಸುಮಾರು 380, ಅಂದರೆ ಎರಡು ತಿಂಗಳಿಗೊಂದು ಆರ್ಡರ್. ಬಳಕೆ ಸ್ಥಿರವಾಗಿರುವ ವಸ್ತುಗಳಿಗೆ ಇದು ಸರಿ. ದಿನದಿನಕ್ಕೆ ದರ ಏರಿಳಿಯುವ ಸ್ಕ್ರ್ಯಾಪ್‌ಗೆ ಇದನ್ನು ನಂಬಿ ಕೂರಬೇಡಿ.

ನಮ್ಮದು ಸಣ್ಣ ಘಟಕ, ದೊಡ್ಡ ಮಾರಾಟಗಾರರು ನಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ. ದಾರಿಯೇನು?

ಅಕ್ಕಪಕ್ಕದ ಘಟಕಗಳೊಂದಿಗೆ ಕೂಡಿ ತರಿಸಿ. ಒಂಟಿಯಾಗಿ ಮಾರಿ ಸೋತಿದ್ದ ಅಡಿಕೆ ಬೆಳೆಗಾರರು ಸಹಕಾರ ಸಂಘಗಳ ಅಂಗಳಕ್ಕೆ ಬಂದು ವ್ಯಾಪಾರಿಗಳು ಟೆಂಡರ್ ಬರೆಯುವಂತೆ ಮಾಡಿಕೊಂಡ ನೆಲ ಇದು. ಮಾರುವುದರಲ್ಲಿ ಸಾಧ್ಯವಾದ ಒಗ್ಗಟ್ಟು ಕೊಳ್ಳುವುದರಲ್ಲಿ ಯಾಕೆ ಸಾಧ್ಯವಾಗಬಾರದು? ಮೂರು ಘಟಕಗಳು ತಲಾ 8 ಟನ್ ಬೆಂಟೊನೈಟ್ ಕೇಳುವ ಬದಲು 24 ಟನ್‌ನ ಪೂರ್ತಿ ಲೋಡ್ ಕೇಳಿದರೆ ಸಾಗಣೆಯಲ್ಲೇ ಉಳಿತಾಯವಾಗುತ್ತದೆ. ಬಿಲ್ಲನ್ನು ಆರಂಭದಿಂದಲೇ ಮೂವರ ಹೆಸರಿಗೆ ಪ್ರತ್ಯೇಕವಾಗಿ ಹಾಕಿಸಿ, ಹಣವನ್ನೂ ಅವರವರೇ ಕೊಡಲಿ. ಒಬ್ಬರು ಕೊಂಡು ಹಂಚುವ ಏರ್ಪಾಡಿನಲ್ಲಿ ತೆರಿಗೆಯ ತೊಡಕು ಮತ್ತು ಮನಸ್ತಾಪ ಎರಡೂ ಬರುತ್ತವೆ.

ತುರ್ತು ಖರೀದಿಗೆ ಏನು ನಿಯಮವಿರಬೇಕು?

ಯಂತ್ರದ ಬೇರಿಂಗ್ ರಾತ್ರಿ ಮುರಿದರೆ ಇಂಡೆಂಟ್‌ಗೆ ಕಾಯಬೇಕಿಲ್ಲ. ತರಿಸಿ, ಮರುದಿನ ಕಾಗದ ಮಾಡಿ. ಆದರೆ ತಿಂಗಳ ಕೊನೆಗೆ ಇಂಥ ಖರೀದಿಗಳ ಪಟ್ಟಿ ತೆಗೆದು, ಪ್ರತಿಯೊಂದರ ಮುಂದೆ ಮೊದಲೇ ಗೊತ್ತಾಗಬಹುದಿತ್ತೇ ಎಂದು ಬರೆಯಿರಿ. ಎರಡನೆಯ ಸಲ ಕಾಣಿಸಿಕೊಂಡ ವಸ್ತುವನ್ನು ಕಾಯಂ ದಾಸ್ತಾನಿಗೆ ಸೇರಿಸಿ.

ದೀಪಾವಳಿಗೆ ಮಾರಾಟಗಾರರು ಕೊಡುವ ಉಡುಗೊರೆ ತೆಗೆದುಕೊಳ್ಳಬಹುದೇ?

ಸಿಹಿಯ ಡಬ್ಬಿಯನ್ನು ತೆಗೆದುಕೊಂಡು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹಂಚಿ. ಅದಕ್ಕಿಂತ ದೊಡ್ಡದು ಬಂದರೆ ಕಂಪನಿಯ ಹೆಸರಿನ ಪತ್ರದೊಂದಿಗೆ ಗೌರವದಿಂದ ಹಿಂದಿರುಗಿಸಿ. ಖರೀದಿಯವರ ಮೇಲೆ ಅನುಮಾನ ಬಿದ್ದ ಮೇಲೆ ಅವರು ಎಷ್ಟು ಸರಿಯಾದ ನಿರ್ಧಾರ ಮಾಡಿದರೂ ಉತ್ಪಾದನೆಯವರು ನಂಬುವುದಿಲ್ಲ.

ಸಾಫ್ಟ್‌ವೇರ್ ಹಾಕಿಸಿದರೆ ಇದೆಲ್ಲ ತಾನಾಗಿಯೇ ಸರಿಹೋಗುವುದಿಲ್ಲವೇ?

ಸರಿಯಾದ ಪದ್ಧತಿ ಇದ್ದಲ್ಲಿ ಸಾಫ್ಟ್‌ವೇರ್ ಅದನ್ನು ವೇಗಗೊಳಿಸುತ್ತದೆ. ಇಲ್ಲದಲ್ಲಿ ಗೊಂದಲವನ್ನೂ ಅಷ್ಟೇ ವೇಗಗೊಳಿಸುತ್ತದೆ. ಮೂರು ತಿಂಗಳು ಒಂದು ಹಂಚಿಕೊಂಡ ಹಾಳೆಯಲ್ಲಿ ಇಂಡೆಂಟ್ ಸಂಖ್ಯೆಗಳನ್ನು ಶಿಸ್ತಿನಿಂದ ನಡೆಸಿ ನೋಡಿ. ಆ ನಡುವೆ ವಸ್ತುಗಳ ಹೆಸರುಗಳನ್ನು ಶುದ್ಧ ಮಾಡಿ: ಒಂದೇ ಇನ್ಸರ್ಟ್ (ಲೋಹ ಕತ್ತರಿಸುವ ಉಪಕರಣದ ತುದಿ) ಐದು ಹೆಸರುಗಳಲ್ಲಿ ದಾಖಲಾಗಿರುವುದನ್ನು ನಾನು ಕಂಡಿದ್ದೇನೆ, ಐದರಲ್ಲೂ ಒಂದಿಷ್ಟು ದಾಸ್ತಾನು ಇತ್ತು, ಆರನೆಯ ಹೆಸರಿನಲ್ಲಿ ಇಂಡೆಂಟ್ ಬಂದಿತ್ತು. ಮಳೆಗಾಲದಲ್ಲಿ ಇಂಟರ್ನೆಟ್ ಹೋದಾಗ ಗೇಟಿನಲ್ಲಿ ಮತ್ತು ಸ್ಟೋರ್ಸ್‌ನಲ್ಲಿ ಕೆಲಸ ನಿಲ್ಲದಂತೆ ಸಂಖ್ಯೆ ಮುದ್ರಿಸಿದ ಚೀಟಿ ಪುಸ್ತಕವೂ ಇರಲಿ.

ಮಾಲೀಕರೇ ನೇರವಾಗಿ ಫೋನ್ ಮಾಡಿ ಸರಕು ತರಿಸಿಬಿಡುತ್ತಾರೆ. ಅವರಿಗೆ ಹೇಗೆ ಹೇಳುವುದು?

ಇದನ್ನು ಎಲ್ಲರೂ ಕೊನೆಗೆ, ದನಿ ತಗ್ಗಿಸಿ ಕೇಳುತ್ತಾರೆ. ಮಾಲೀಕರಿಗೆ ಹಳೆಯ ಮಾರಾಟಗಾರರೊಂದಿಗೆ ಇಪ್ಪತ್ತು, ಮೂವತ್ತು ವರ್ಷಗಳ ಸ್ನೇಹವಿರುತ್ತದೆ; ಆ ಸ್ನೇಹ ಕಂಪನಿಯ ಆಸ್ತಿಯೇ. ಅದನ್ನು ನಿಲ್ಲಿಸಬೇಕಾಗಿಲ್ಲ. ಅವರು ಮಾತನಾಡಿ ದರ ನಿಗದಿ ಮಾಡಲಿ; "ಸರ್, ಮಾತಾದ ಮೇಲೆ ಇಂಡೆಂಟ್ ಸಂಖ್ಯೆಗಾಗಿ ಒಂದು ಮೆಸೇಜ್ ಹಾಕಿಬಿಡಿ, ನಾವು ಖರೀದಿ ಆದೇಶ ಕಳಿಸುತ್ತೇವೆ" ಎಂದು ಕೇಳಿಕೊಳ್ಳಿ. ನಮ್ಮ ಕಾರ್ಖಾನೆಯಲ್ಲಿ ಹಿರಿಯ ಮಾಲೀಕರು ಇದನ್ನು ಒಪ್ಪಿಕೊಂಡದ್ದು, ಅವರೇ ತರಿಸಿದ ಪಿಗ್ ಐರನ್ ಲಾರಿಯನ್ನು ಸಂಖ್ಯೆಯಿಲ್ಲವೆಂದು ಗೇಟಿನವರು ಅರ್ಧ ಗಂಟೆ ನಿಲ್ಲಿಸಿದ ದಿನ. ಗೇಟಿನವರು ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು. ಹಿರಿಯರು ಹೊರಗೆ ಬಂದು, ಚಾಲಕರಿಗೆ ಚಹಾ ಕೊಡಿಸಲು ಹೇಳಿ, ಒಳಗೆ ಹೋಗಿ ತಾವೇ ಇಂಡೆಂಟ್ ಬರೆದು ಸಹಿ ಮಾಡಿದರು.